ಲ್ಯಾಂಪ್ ರೂಮ್ ಪೆರುಮಾಳ್‌ನ ಒಂಬತ್ತನೇ ಬಿಲ್ಲೆ

ಎಂಬತ್ತರ ದಶಕದಲ್ಲಿ ಬಂಗಾರಪೇಟೆ ಕಡೆ ಗಾಡಿ ಇಟ್ಟುಕೊಂಡಿದ್ದವರನ್ನು ಯಾರನ್ನಾದರೂ ಕೇಳಿ ನೋಡಿ. ಬರೀ ಪೆರುಮಾಳ್ ಅಂದರೆ ಯಾವ ಪೆರುಮಾಳ್ ಎಂದು ತಲೆ ಕೆರೆದುಕೊಳ್ಳುತ್ತಾರೆ. ಲ್ಯಾಂಪ್ ರೂಮ್ ಪೆರುಮಾಳ್ ಅನ್ನಿ, ಮೊದಲು ನಗುತ್ತಾರೆ. ಆಮೇಲೆ ಅವನು ಕೊಟ್ಟ ಕಾಟ ನೆನೆಸಿಕೊಂಡು ಬೈಯುತ್ತಾರೆ. ಬೈದು ಮುಗಿಸಿ, ಅಂಥ ಮನುಷ್ಯ ಇನ್ನು ಸಿಗೋದಿಲ್ಲ ಬಿಡಿ ಅನ್ನುತ್ತಾರೆ.

ಕಾಟ ಏನಪ್ಪಾ ಅಂದರೆ ಇದು. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವನದೊಂದು ತಗಡಿನ ಅಂಗಡಿ. ಗಾಡಿಗಳ ವೈರಿಂಗು, ಬ್ಯಾಟರಿ, ಡೈನಮೋ, ಹಾರನ್ನು, ಅಷ್ಟೇ ಅವನ ಕೆಲಸ. ರಿಪೇರಿ ಮುಗಿದ ಮೇಲೆ ಬೇರೆ ಮೆಕಾನಿಕ್ಕುಗಳು ಕೈ ಒರೆಸಿಕೊಂಡು ಮುಂದಿನ ಗಾಡಿಗೆ ಕೈ ಹಾಕುತ್ತಾರೆ. ಇವನು ಹಾಗಲ್ಲ. ಸೀಮೆಎಣ್ಣೆ ಡಬ್ಬ ಕತ್ತರಿಸಿ, ಮೊಳೆಯಿಂದ ನಂಬರು ಕುಟ್ಟಿ ಮಾಡಿದ ಒಂದು ಬಿಲ್ಲೆಯನ್ನು ಡ್ರೈವರನ ಕೈಗೆ ಕೊಡುತ್ತಿದ್ದ. ಎಂಟು ದಿನದೊಳಗೆ ಅದನ್ನು ವಾಪಸು ತಂದು ‘ಮೇಲೆ ಬಂದೆ’ ಅನ್ನಬೇಕು. ಗಾಡಿ ಚೆನ್ನಾಗಿದೆ, ತೊಂದರೆಯಿಲ್ಲ ಎಂದು ಅದರರ್ಥ. ಬಿಲ್ಲೆ ಬರಲಿಲ್ಲವೋ, ಒಂಬತ್ತನೇ ದಿನ ಸೈಕಲ್ ತುಳಿದುಕೊಂಡು ಮನೆ ಬಾಗಿಲಿಗೆ ಹಾಜರು. ಕಾಮಸಮುದ್ರದ ಲಾರಿಯವನೊಬ್ಬ ಮಗಳನ್ನು ಧಾರೆ ಎರೆದುಕೊಡುತ್ತಿದ್ದಾಗ ಈ ಮಹಾರಾಯ ಚಪ್ಪರದ ಕೆಳಗೆ ನಿಂತು, ಹದಿಮೂರನೇ ಬಿಲ್ಲೆ ಎಲ್ಲಿ ಎಂದು ಕೇಳಿದ್ದುಂಟು. ಊಟ ಮಾಡಿಕೊಂಡು ಹೋಗು ಅಂದರೆ, ಮೊದಲು ಬಿಲ್ಲೆ ಎಂದನಂತೆ.

ಈ ಬುದ್ಧಿ ಅವನಿಗೆ ಬಂದದ್ದು ಕೆ.ಜಿ.ಎಫ್.ನ ನಂದಿದುರ್ಗ ಚಿನ್ನದ ಗಣಿಯ ಲ್ಯಾಂಪ್ ರೂಮಿನಿಂದ. ಗಣಿಯೊಳಕ್ಕೆ ಇಳಿಯುವ ಪ್ರತಿಯೊಬ್ಬನೂ ಸೊಂಟಕ್ಕೆ ಬ್ಯಾಟರಿ ಕಟ್ಟಿಕೊಂಡು, ಟೋಪಿಯ ಮೇಲೆ ದೀಪ ಸಿಕ್ಕಿಸಿಕೊಂಡು ಇಳಿಯಬೇಕು. ಆ ದೀಪ ಇಸಕೊಳ್ಳುವುದು ಲ್ಯಾಂಪ್ ರೂಮಿನ ಕಿಟಕಿಯಲ್ಲಿ. ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಕೊಟ್ಟರೆ ದೀಪ. ಪಾಳಿ ಮುಗಿಸಿ ಮೇಲೆ ಬಂದು ದೀಪ ಕೊಟ್ಟರೆ ಬಿಲ್ಲೆ. ಬಿಲ್ಲೆ ಕಿಟಕಿಯೊಳಗಿನ ಹಲಗೆಯ ಮೇಲೆಯೇ ನೇತಾಡುತ್ತಿದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದೇ ಲೆಕ್ಕ. ಕಿಟಕಿಯ ಈಚೆ ನಿಂತು ಪೆರುಮಾಳ್ ಇಪ್ಪತ್ತಮೂರು ವರ್ಷ ಇದನ್ನೇ ಮಾಡಿದ. ಒಬ್ಬನ ಬಿಲ್ಲೆ ಉಳಿದಿದ್ದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ತಾನು ಕೊಟ್ಟ ದೀಪ ಕೆಳಗೆ ಒಂದು ದಿನವೂ ಆರಿಲ್ಲ ಎಂಬುದು ಅವನ ಹೆಮ್ಮೆ. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಕೆಲಸ ಕಡಿಮೆಯಾಗಿ, ಪಾಳಿಗಳು ಒಂದೊಂದಾಗಿ ನಿಂತು, ಎಂಬತ್ತೆರಡರಲ್ಲಿ ಅವನು ಗಣಿ ಬಿಟ್ಟ. ಗಣಿಯವರು ಕೊಟ್ಟಿದ್ದ ಲೈನ್ ಮನೆ ಖಾಲಿ ಮಾಡಿ ಹೆಂಡತಿ ಪಾಪಕ್ಕನ ಜೊತೆ ಬಂಗಾರಪೇಟೆಗೆ ಬಂದು ಅಂಗಡಿ ಹಾಕಿದ. ಬ್ಯಾಟರಿ ಎಂದರೆ ಬ್ಯಾಟರಿ, ಮನುಷ್ಯನ ಸೊಂಟದ ಮೇಲಿದ್ದರೇನು, ಗಾಡಿಯ ಹೊಟ್ಟೆಯೊಳಗಿದ್ದರೇನು ಎಂಬುದು ಅವನ ಧೈರ್ಯ. ಆ ಧೈರ್ಯ ನಾಲ್ಕು ವರ್ಷ ಚೆನ್ನಾಗಿಯೇ ನಡೆಯಿತು.

ಎಂಬತ್ತಾರರ ದೀಪಾವಳಿ ಕಳೆದ ಮೇಲೆ ಬೂದಿಕೋಟೆ ಕಡೆಯ ಬಚ್ಚಪ್ಪ ತನ್ನ ಹಳೇ ಡೀಸೆಲ್ ವ್ಯಾನನ್ನು ತಂದು ನಿಲ್ಲಿಸಿದ. ಬಚ್ಚಪ್ಪ ಬೆಳಿಗ್ಗೆ ಊರಿನ ಹಾಲಿನ ಕ್ಯಾನು ಹೊರುತ್ತಿದ್ದ, ಸಂಜೆ ಮದುವೆ ಮುಂಜಿಗಳಿಗೆ ಮೈಕ್ ಸೆಟ್ ಹೊರುತ್ತಿದ್ದ. ಹಳ್ಳಿಯಲ್ಲಿ ಕರೆಂಟು ಎಂಬುದು ನೆಂಟರ ಹಾಗೆ, ಬಂದರೆ ಬಂತು. ಆದ್ದರಿಂದ ಮೈಕ್ ಸೆಟ್ಟಿಗೆಂದೇ ವ್ಯಾನಿನಲ್ಲಿ ಇನ್ನೊಂದು ಬ್ಯಾಟರಿ ಕೂರಿಸಬೇಕು, ಗಾಡಿ ಓಡುತ್ತಿದ್ದಾಗಲೇ ಅದೂ ಚಾರ್ಜ್ ಆಗಬೇಕು, ಆಗುತ್ತಿದೆಯೋ ಇಲ್ಲವೋ ಕೂತಲ್ಲಿಂದಲೇ ಗೊತ್ತಾಗಬೇಕು ಎಂದು ಅವನು ಕೇಳಿದ. ಚಾರ್ಜ್ ಆಗದಿದ್ದರೆ ಹತ್ತಿಕೊಳ್ಳುವ ಒಂದು ಕೆಂಪು ದೀಪ ಅಂಥ ಗಾಡಿಗಳಿಗೆ ಇರುತ್ತದೆ. ಬಚ್ಚಪ್ಪನ ವ್ಯಾನಿನಲ್ಲಿ ಅದು ಅವನು ಕೊಳ್ಳುವ ಮೊದಲೇ ಸತ್ತಿತ್ತು.

ಪೆರುಮಾಳ್ ಎರಡು ದಿನ ಕೂತು ಜೀವ ಬಿಟ್ಟು ಕೆಲಸ ಮಾಡಿದ. ಡ್ರೈವರ್ ಸೀಟಿನ ಹಿಂದೆ ಮರದ ಪೆಟ್ಟಿಗೆ ಮಾಡಿ ಎರಡನೇ ಬ್ಯಾಟರಿ ಇಟ್ಟ. ಎರಡೂ ಬ್ಯಾಟರಿಗಳನ್ನು ಒಂದೇ ದಪ್ಪ ತಂತಿಗೆ ಸೇರಿಸಿದ. ಡೈನಮೋದಿಂದ ಬರುವ ತಂತಿಗೆ ಒಂದು ಮೀಟರು ಕೂರಿಸಿದ, ಥೇಟ್ ಲ್ಯಾಂಪ್ ರೂಮಿನಲ್ಲಿ ಇದ್ದ ಹಾಗೆ. ಅಲ್ಲಿ ಚಾರ್ಜಿಗೆ ಹಾಕಿದ ಪ್ರತಿ ದೀಪಕ್ಕೂ ಒಂದು ಪುಟ್ಟ ಮೀಟರು. ಹಸಿದ ಬ್ಯಾಟರಿ ಕರೆಂಟು ಎಳೆಯುವಾಗ ಮುಳ್ಳು ಏಳುತ್ತದೆ, ಹೊಟ್ಟೆ ತುಂಬುತ್ತಾ ಬಂದ ಹಾಗೆ ಇಳಿದು ಸೊನ್ನೆಯ ಮೇಲೆ ಮಲಗುತ್ತದೆ. ಮುಳ್ಳು ಮಲಗಿತೆಂದರೆ ದೀಪ ಸಿದ್ಧ. ಬಚ್ಚಪ್ಪನಿಗೂ ಅದನ್ನೇ ಪಾಠ ಹೇಳಿ, ಒಂಬತ್ತನೇ ನಂಬರಿನ ಬಿಲ್ಲೆ ಕೊಟ್ಟು ಕಳಿಸಿದ. ಬಚ್ಚಪ್ಪ ಎಂಟು ದಿನಕ್ಕೆ ಸರಿಯಾಗಿ ಬಂದ, ‘ಮೇಲೆ ಬಂದೆ’ ಎಂದ. ಗಾಡಿಯ ಗುಣ ನೋಡೋಣ, ಬಿಲ್ಲೆ ಇನ್ನೊಂದು ತಿಂಗಳು ನಿನ್ನ ಹತ್ತಿರವೇ ಇರಲಿ ಎಂದು ಪೆರುಮಾಳ್ ಅದನ್ನು ವಾಪಸು ಅವನ ಜೇಬಿಗೇ ಹಾಕಿದ. ಹೊಸ ಕೆಲಸದ ಮೇಲೆ ಅಷ್ಟು ಪ್ರೀತಿ.

ಡಿಸೆಂಬರಿನಲ್ಲಿ ಒಂದು ದಿನ ಬಚ್ಚಪ್ಪ ಹಾಲು ಇಳಿಸಿ ಹೋಗುವಾಗ ಅಂಗಡಿಯ ಮುಂದೆ ಬ್ರೇಕ್ ಹಾಕಿದ. ನಿನ್ನೆಯಿಂದ ಮುಳ್ಳು ಏಳುತ್ತಲೇ ಇಲ್ಲ, ಮಲಗಿದ್ದು ಮಲಗಿಯೇ ಇದೆ ಎಂದ. ಪೆರುಮಾಳ್ ಆಗ ಯಾರದೋ ಜೀಪಿನ ಕೆಳಗೆ ಮಲಗಿದ್ದ. ಅಲ್ಲಿಂದಲೇ, ಹೊಟ್ಟೆ ತುಂಬಿದೆ ಕಣಪ್ಪ, ಅದಕ್ಕೇ ಮಲಗಿದೆ, ನಿಶ್ಚಿಂತೆಯಾಗಿ ಹೋಗು ಎಂದ. ಬಾನೆಟ್ ಎತ್ತಲಿಲ್ಲ. ಜೀಪಿನ ಕೆಳಗಿನಿಂದ ತಲೆಯನ್ನೂ ಹೊರಗೆ ಹಾಕಲಿಲ್ಲ. ಇದನ್ನು ಆಮೇಲೆ ಅವನೇ ಎಷ್ಟು ಸಲ ಹೇಳಿಕೊಂಡಿದ್ದಾನೋ ಲೆಕ್ಕವಿಲ್ಲ.

ಅದಾದ ಎರಡು ದಿನಕ್ಕೆ ರಾಬರ್ಟ್‌ಸನ್‌ಪೇಟೆಯ ಒಂದು ಶಾಲೆಯಲ್ಲಿ ಕಣ್ಣಿನ ಕ್ಯಾಂಪು. ಪೊರೆ ಬಂದವರಿಗೆ ಪುಕ್ಕಟೆ ಆಪರೇಷನ್. ಹೆಸರು ಬರೆಸಿಕೊಳ್ಳುವುದು ಬೆಳಿಗ್ಗೆ ಹತ್ತರವರೆಗೆ ಮಾತ್ರ. ಬಚ್ಚಪ್ಪನ ಅಕ್ಕ ಅಕ್ಕಯ್ಯಮ್ಮನಿಗೆ ಎರಡು ಕಣ್ಣಿಗೂ ಪೊರೆ. ತಾಯಿ ಇಲ್ಲದ ಬಚ್ಚಪ್ಪನನ್ನು ಎತ್ತಿ ಬೆಳೆಸಿದವಳು ಅವಳು. ನಾಲ್ಕು ಹಸುಗಳ ಕೆಚ್ಚಲನ್ನು ಕೈಯಿಂದಲೇ ಗುರುತು ಹಿಡಿದು ಹಾಲು ಕರೆಯುತ್ತಿದ್ದಳು, ತಮ್ಮನ ಮುಖ ಕಂಡು ಮಾತ್ರ ಎರಡು ವರ್ಷವಾಗಿತ್ತು. ಅವಳೊಬ್ಬಳನ್ನೇ ಕರೆದುಕೊಂಡು ಹೋಗುವುದೇಕೆ ಎಂದು ಬಚ್ಚಪ್ಪ ಊರಿನ ಇನ್ನೂ ಒಂಬತ್ತು ಜನ ಮುದುಕ ಮುದುಕಿಯರನ್ನು ವ್ಯಾನಿಗೆ ಹತ್ತಿಸಿಕೊಂಡ. ಒಳ್ಳೇದು ಮಾಡಲು ಹೋದವನ ಗ್ರಹಚಾರ ನೋಡಿ, ಹಿಂದಿನ ಸಂಜೆ ಒಂದು ನಾಮಕರಣಕ್ಕೆ ಮೈಕ್ ಸೆಟ್ ಮೂರು ಗಂಟೆ ಕೂಗಿತ್ತು.

ಬೆಳಿಗ್ಗೆ ಆರಕ್ಕೆ ವ್ಯಾನು ಕೊಸರಾಡಿಕೊಂಡು ಸ್ಟಾರ್ಟ್ ಆಯಿತು. ಇನ್ನೂ ಕತ್ತಲೆ, ದೀಪ ಹಾಕಿಕೊಂಡೇ ಹೊರಟರು. ಬಸ್ ರಸ್ತೆ ಸೇರುವ ಮುಂಚೆ ಒಂದು ಕೆರೆಯ ಕೋಡಿ ಸಿಗುತ್ತದೆ. ರಸ್ತೆ ಅಲ್ಲಿ ತಗ್ಗಿಗೆ ಇಳಿದು ಮತ್ತೆ ಏರುತ್ತದೆ. ಮುದುಕರಲ್ಲಿ ಇಬ್ಬರು ಇಳಿದು ಹೋಗಿ ಬರಬೇಕು ಎಂದರು. ಬಚ್ಚಪ್ಪ ಡೀಸೆಲ್ ಉಳಿಸುವ ಅಭ್ಯಾಸದವನು, ಇಂಜಿನ್ ಆರಿಸಿದ. ಅವರು ಬಂದು ಕೂತ ಮೇಲೆ ಸೆಲ್ಫ್ ಹೊಡೆದರೆ ‘ಟಕ್’ ಅಂತು, ಅಷ್ಟೇ. ಮೀಟರಿನ ಮುಳ್ಳು ಸೊನ್ನೆಯ ಮೇಲೆ ಆರಾಮಾಗಿ ಮಲಗಿತ್ತು.

ತಳ್ಳಿದರೆ ಸ್ಟಾರ್ಟ್ ಆಗುವ ಗಾಡಿಯೇ. ಆದರೆ ತಳ್ಳುವವರು ಯಾರು? ಕಣ್ಣು ಕಾಣದ ಹತ್ತು ಜನ, ಎದುರಿಗೆ ಏರು. ಆದರೂ ಇಳಿದರು ಪಾಪ, ಸೆರಗು ಸಿಕ್ಕಿಸಿಕೊಂಡು, ಪಂಚೆ ಕಟ್ಟಿಕೊಂಡು, ‘ಐಸಾ’ ಎಂದು ತಳ್ಳಿದರು. ವ್ಯಾನು ಅಲುಗಾಡಲಿಲ್ಲ. ಬಚ್ಚಪ್ಪ ಇಳಿದು ನೋಡಿದರೆ ಅಕ್ಕಯ್ಯಮ್ಮ ಮತ್ತು ಇನ್ನೊಬ್ಬ ಮುದುಕ ವ್ಯಾನಿನ ಮುಂದುಗಡೆ ನಿಂತು, ಹಿಂದಿನವರಿಗೆ ಎದುರಾಗಿ ಪ್ರಾಣ ಬಿಟ್ಟು ತಳ್ಳುತ್ತಿದ್ದರು. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಟ್ರ್ಯಾಕ್ಟರು ಹುಡುಕಿಕೊಂಡು ಪಕ್ಕದ ಊರಿಗೆ ಓಡಿದ. ಅದು ಹೊಲಕ್ಕೆ ಹೋಗಿತ್ತು. ಅದನ್ನು ತಂದು, ಹಗ್ಗ ಕಟ್ಟಿ ಎಳೆಸಿ, ಕ್ಯಾಂಪು ಮುಟ್ಟುವಾಗ ಹನ್ನೊಂದೂವರೆ.

ಹೆಸರಿನ ಪಟ್ಟಿ ಮುಚ್ಚಿತ್ತು. ಡಾಕ್ಟರು ಒಳ್ಳೆಯ ಮನುಷ್ಯ, ಇಷ್ಟು ದೂರ ಬಂದಿದ್ದಾರೆಂದು ಎಲ್ಲರ ಕಣ್ಣಿಗೂ ಟಾರ್ಚು ಹಾಕಿ ನೋಡಿದರು. ಅಕ್ಕಯ್ಯಮ್ಮನ ಬಲಗಣ್ಣು ಆಗಲೇ ಕೈ ಬಿಟ್ಟಿದೆ, ಎಡಗಣ್ಣಿನ ಪೊರೆ ಹಣ್ಣಾಗಿದೆ, ಈ ಚಳಿಗಾಲ ದಾಟಿಸಬೇಡಿ, ಒಳಗೆ ಒಡೆದರೆ ಆ ಕಣ್ಣೂ ಉಳಿಯುವುದಿಲ್ಲ ಎಂದರು. ಇದೇ ಶಾಲೆಯಲ್ಲಿ ಫೆಬ್ರವರಿಗೆ ಇನ್ನೊಂದು ಕ್ಯಾಂಪು, ಅದು ತಪ್ಪಿದರೆ ಮತ್ತೆ ದಸರಾ ಆದ ಮೇಲೆ.

ಇಂಜಿನ್ ಆರಿಸುವ ಧೈರ್ಯವಿಲ್ಲದೆ ಬಚ್ಚಪ್ಪ ಹಾಗೇ ಓಡಿಸಿಕೊಂಡು ಬಂದು ಪೆರುಮಾಳ್‌ನ ಅಂಗಡಿ ಮುಂದೆ ನಿಲ್ಲಿಸಿದ. ಪೆರುಮಾಳ್ ಹೊರಗೆ ಬಂದು ನೋಡಿದ. ಬೆಳಗಿನಿಂದ ಏನೂ ತಿನ್ನದ ಹತ್ತು ಜನ ಸಾಲಾಗಿ ಕೂತಿದ್ದರು, ಯಾವ ಊರು ಬಂತು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಬಾನೆಟ್ ಎತ್ತಿ, ಡೈನಮೋ ತಂತಿ ಮುಟ್ಟಿ ನೋಡಿದ. ಒಳಗೆ ಉಜ್ಜಿಕೊಂಡು ಕರೆಂಟನ್ನು ತಂತಿಗೆ ದಾಟಿಸುವ ಕಾರ್ಬನ್ ತುಂಡು ಪೂರ್ತಿ ಸವೆದು ಹೋಗಿತ್ತು. ಮೂರು ದಿನದಿಂದ ಡೈನಮೋ ಒಂದು ತೊಟ್ಟು ಕರೆಂಟೂ ಕೊಟ್ಟಿರಲಿಲ್ಲ. ಮುಳ್ಳು ಮಲಗಿದ್ದು ಹೊಟ್ಟೆ ತುಂಬಿ ಅಲ್ಲ, ಬಡಿಸುವವನೇ ಸತ್ತಿದ್ದಕ್ಕೆ. ಮೈಕ್ ಸೆಟ್ಟು, ದೀಪ, ಸೆಲ್ಫು ಎಲ್ಲ ಸೇರಿ ಒಂದೇ ತಂತಿಗೆ ಬಿಗಿದ ಎರಡೂ ಬ್ಯಾಟರಿಗಳನ್ನು ಬರಿದು ಮಾಡಿದ್ದವು.

ಬಚ್ಚಪ್ಪ ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಜೇಬಿನಿಂದ ಒಂಬತ್ತನೇ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ.

“ಮುಳ್ಳು ಮಲಗೈತೆ ಅಂತ ನಾನು ಬಂದು ಏಳ್ದೆ ಅಣ್ಣಾ. ಒಟ್ಟೆ ತುಂಬೈತೆ ಅಂದೆ ನೀನು,” ಅಂದ. ಅಷ್ಟೇ ಅಂದು ಹೋದ.

ಪೆರುಮಾಳ್ ಅಂಗಡಿ ಮುಚ್ಚಿ ಮನೆಗೆ ಬಂದು ಮಲಗಿದ. ಮೂರು ದಿನ ಏಳಲಿಲ್ಲ. ಇನ್ನು ತಂತಿ ಮುಟ್ಟುವುದಿಲ್ಲ, ಯಾವುದಾದರೂ ಮಿಲ್ಲಿನಲ್ಲಿ ವಾಚ್‌ಮನ್ ಕೆಲಸ ನೋಡುತ್ತೇನೆ ಎಂದ. ಪಾಪಕ್ಕ ಎರಡು ದಿನ ಸಮಾಧಾನ ಮಾಡಿದಳು, ಮೂರನೇ ದಿನ ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಲ್ಯಾಂಪ್ ರೂಮ್ನಲ್ಲಿ ಒಬ್ಬನ ಬಿಲ್ಲೆ ಉಳಿದ್ರೆ ಏನ್ ಮಾಡ್ತಿದ್ರಿ? ಮನೆಗೆ ಬಂದು ಮಲಗ್ತಿದ್ರಾ?” ಎಂದಳು.

ಇಲ್ಲ, ಅವನು ಮಲಗುತ್ತಿರಲಿಲ್ಲ. ಗಣಿಗೆ ಇಳಿಯುವ ಬಾವಿಯ ಬಾಯಿಗೆ ಹೋಗಿ ನಿಲ್ಲುತ್ತಿದ್ದ. ಪೆರುಮಾಳ್ ಎದ್ದು ಮುಖ ತೊಳೆದು, ಬಸ್ ಹತ್ತಿ ನಂದಿದುರ್ಗಕ್ಕೆ ಹೋದ. ಅಲ್ಲಿ ಅವನ ಜೊತೆಗಾರ ಆರುಮುಗಂ ಇನ್ನೂ ಅದೇ ಕಿಟಕಿಯಲ್ಲಿದ್ದ. ಪೆರುಮಾಳ್ ಅವನನ್ನು ಒಂದೇ ಒಂದು ಮಾತು ಕೇಳಿದ: ಮುಳ್ಳು ಮಲಗಿದ್ದರೂ ಬ್ಯಾಟರಿ ಖಾಲಿ ಇದ್ದದ್ದನ್ನು ನೀನು ಯಾವತ್ತಾದರೂ ನೋಡಿದ್ದೀಯಾ? ಆರುಮುಗಂ ನಕ್ಕ. ಅದು ಹೇಗಾಗುತ್ತದೆ, ಕರೆಂಟು ಎಲ್ಲಿಗೆ ಹೋಗುತ್ತದೆ ಎಂದ.

ಹೌದಲ್ಲ. ಅವರ ಲ್ಯಾಂಪ್ ರೂಮಿನಲ್ಲಿ ಕರೆಂಟು ಹೋಗುವುದು ಎಂದರೇನು ಎಂದೇ ಅವರಿಗೆ ತಿಳಿಯದು. ಊರಿಗೆಲ್ಲ ಕತ್ತಲೆಯಾದರೂ ಗಣಿಗೆ ಕರೆಂಟು ಇರಲೇಬೇಕು, ಇತ್ತು. ಸೂರ್ಯ ಹುಟ್ಟುತ್ತಾನೋ ಇಲ್ಲವೋ ಎಂದು ಯಾರು ಎದ್ದು ನೋಡುತ್ತಾರೆ? ಕೊಡುವ ಕೈಯನ್ನು ಒಂದು ದಿನವೂ ಅನುಮಾನಿಸದೆ ಇಪ್ಪತ್ತಮೂರು ವರ್ಷ ಇಸಕೊಳ್ಳುವ ಬ್ಯಾಟರಿಯನ್ನಷ್ಟೇ ನೋಡಿಕೊಂಡಿದ್ದವನು ಪೆರುಮಾಳ್. ಗಾಡಿಯಲ್ಲಿ ಕೊಡುವ ಕೈ ಎಂದರೆ ಒಂದು ಸವೆದ ಕಾರ್ಬನ್ನು, ಒಂದು ಸಡಿಲ ಬೆಲ್ಟು. ತಪ್ಪು ಎಲ್ಲಿದೆ ಎಂದು ತಿಳಿದ ಮೇಲೆ ಮನುಷ್ಯನಿಗೆ ಕೈಕಾಲು ಬರುತ್ತವೆ. ಮಾರನೇ ದಿನ ಸೈಕಲ್ ತೆಗೆದುಕೊಂಡು ಬಚ್ಚಪ್ಪನ ಊರಿಗೆ ಹೋದ.

ಬಚ್ಚಪ್ಪ ಮನೆಯಲ್ಲಿರಲಿಲ್ಲ. ಅಕ್ಕಯ್ಯಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪೆರುಮಾಳ್ ತನ್ನ ಹೆಸರು ಹೇಳಿ, ನನ್ನಿಂದ ತಪ್ಪಾಯಿತು ಅಮ್ಮಾ ಎಂದ. ಅವಳು ಅವನ ಕೈ ಹಿಡಿದು ಸವರಿ ನೋಡಿದಳು. ಆಸಿಡ್ ಬಿದ್ದು ಬಿದ್ದು ಒರಟಾಗಿದ್ದ ಕೈ.

“ಕೆಲ್ಸ ಮಾಡೋ ಕೈ ಕಣಪ್ಪ ಇದು. ಕೂತ್ಕೊ, ಮಜ್ಜಿಗೆ ಕುಡಿ. ನಾನಂತೂ ಅವತ್ತು ವ್ಯಾನನ್ನ ಮುಂದ್ಗಡೆಯಿಂದ ತಳ್ದೆ, ನಿಂದೇನು ದೊಡ್ಡ ತಪ್ಪು,” ಎಂದಳು.

ಹೇಳಿ ತಾನೇ ನಕ್ಕಳು. ನಕ್ಕು ಮುಗಿದ ಮೇಲೆ ದನಿ ಇಳಿಯಿತು. ಹೋದ ತಿಂಗಳವರೆಗೆ ಬಾಗಿಲು ಎಲ್ಲಿದೆ ಎಂದು ಬೆಳಕಿನಲ್ಲಿ ತಿಳಿಯುತ್ತಿತ್ತಪ್ಪ, ಈಗ ಅದೂ ಮಬ್ಬು ಎಂದಳು. ಆಮೇಲೆ ಅವನ ಮೀಟರಿನ ವಿಚಾರ ಕೇಳಿದಳು. ಪೆರುಮಾಳ್ ಎಲ್ಲ ವಿವರಿಸಿದ. ಮುಳ್ಳು, ಸೊನ್ನೆ, ಬಿಲ್ಲೆ, ಮೇಲೆ ಬಂದೆ ಅನ್ನುವುದು, ಯಾವುದನ್ನೂ ಬಿಡಲಿಲ್ಲ. ಅವಳು ಕಾಯಿ ಸುಲಿಯುತ್ತಲೇ ಕೇಳಿಸಿಕೊಂಡಳು.

“ಮುಳ್ಳು ನೋಡೋಕೆ ಕಣ್ಣು ಬೇಕು. ನನ್ನಂತೋಳಿಗೂ ತಿಳಿಯೋ ಅಂಗೆ ಏನಾರ ಮಾಡೋಕಾಗಲ್ವಾ? ಅಸು ಅಸಿದ್ರೆ ಅಂಬಾ ಅಂತೈತೆ, ನಾನೇನು ನೋಡ್ತೀನಾ?” ಎಂದಳು.

ಪೆರುಮಾಳ್ ಮಜ್ಜಿಗೆ ಲೋಟ ಕೆಳಗಿಟ್ಟ. ವಾಪಸು ಬರುವ ಹನ್ನೆರಡು ಕಿಲೋಮೀಟರೂ ಅವನ ತಲೆಯಲ್ಲಿ ಆ ಹಸುವೇ ಕೂಗುತ್ತಿತ್ತು.

ಜನವರಿಯಲ್ಲಿ ಬಚ್ಚಪ್ಪನ ಕೈಕಾಲು ಹಿಡಿದು ವ್ಯಾನನ್ನು ಮತ್ತೆ ಅಂಗಡಿಗೆ ತರಿಸಿಕೊಂಡ. ಬಚ್ಚಪ್ಪನಿಗೆ ಮನಸ್ಸಿರಲಿಲ್ಲ, ಅಕ್ಕ ಹೇಳಿದಳೆಂದು ತಂದ. ಪೆರುಮಾಳ್ ಹಳೆಯ ವೈರಿಂಗನ್ನೆಲ್ಲ ಕಿತ್ತು ಹಾಕಿದ. ಡೈನಮೋಗೆ ಹೊಸ ಕಾರ್ಬನ್ ಹಾಕಿದ. ಎರಡು ಬ್ಯಾಟರಿಗಳ ನಡುವೆ ಒಂದು ಸ್ವಿಚ್ ಇಟ್ಟ: ಇಂಜಿನ್ ಓಡುವಾಗ ಎರಡೂ ಉಣ್ಣಲಿ, ಗಾಡಿ ನಿಂತ ಮೇಲೆ ಮೈಕ್ ಸೆಟ್ಟು ತನ್ನ ಬ್ಯಾಟರಿಯನ್ನು ಮಾತ್ರ ತಿನ್ನಲಿ, ಸೆಲ್ಫಿನ ಬ್ಯಾಟರಿಗೆ ಬಾಯಿ ಹಾಕದಿರಲಿ. ಮೀಟರು ಒಂದಿದ್ದದ್ದು ಎರಡಾಯಿತು. ಮೊದಲನೆಯದು ಎಷ್ಟು ಬರುತ್ತಿದೆ ಎಂದು ಹೇಳಿದರೆ, ಎರಡನೆಯದು ಒಳಗೆ ಎಷ್ಟಿದೆ ಎಂದು ಹೇಳುತ್ತಿತ್ತು. ಎರಡನೆಯದರ ಗಾಜಿನ ಮೇಲೆ ಹಸಿರು ಪೇಂಟಿನಲ್ಲಿ ಒಂದು ಗೆರೆ, ಕೆಂಪಿನಲ್ಲಿ ಒಂದು ಗೆರೆ ಎಳೆದ. ಇನ್ನು ಸತ್ತ ಕೆಂಪು ದೀಪದ ಜಾಗಕ್ಕೆ ಒಂದು ಬಜರು ಜೋಡಿಸಿದ. ಬೀಗದ ಕೈ ತಿರುಗಿಸಿದರೆ ಅದು ‘ಗುಂಯ್’ ಎಂದು ಕೂಗುತ್ತದೆ. ಇಂಜಿನ್ ಹತ್ತಿ ಡೈನಮೋ ಕರೆಂಟು ಕೊಡಲು ಶುರು ಮಾಡಿದ ಕೂಡಲೇ ತಾನೇ ಬಾಯಿ ಮುಚ್ಚುತ್ತದೆ. ದಾರಿಯಲ್ಲಿ ಡೈನಮೋ ಕೈ ಕೊಟ್ಟರೆ ಆ ಕ್ಷಣ ಮತ್ತೆ ಕೂಗುತ್ತದೆ. ಕೆಲಸ ನೋಡಲು ಬಂದ ಪಾಪಕ್ಕ, ಇದು ನನಗಿಂತ ಬಾಯಿ ಜೋರು ಎಂದಳು.

ಫೆಬ್ರವರಿ ಕ್ಯಾಂಪಿನ ದಿನ ಪೆರುಮಾಳ್ ಐದು ಗಂಟೆಗೇ ಬಚ್ಚಪ್ಪನ ಊರಿನಲ್ಲಿದ್ದ. ತಾನೂ ಬರುತ್ತೇನೆ ಎಂದು ವ್ಯಾನು ಹತ್ತಿದ. ಹೋದ ಸಲದ ಒಂಬತ್ತು ಜನ ಹಿಂದೆ ಕೂತ ಮೇಲೆ ಅಕ್ಕಯ್ಯಮ್ಮನನ್ನು ಮುಂದಿನ ಸೀಟಿನಲ್ಲಿ ಬಚ್ಚಪ್ಪನ ಪಕ್ಕ ಕೂರಿಸಿದ. ಅವಳ ಎಡಗಣ್ಣಿಗೆ ಆಗ ಬೆಳಕು ಕತ್ತಲೆಯ ಭೇದ ಒಂದು ಉಳಿದಿತ್ತು. ಒಂಬತ್ತನೇ ಬಿಲ್ಲೆಯನ್ನು ಈ ಸಲ ಬಚ್ಚಪ್ಪನಿಗೆ ಕೊಡಲಿಲ್ಲ. ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಇದು ಗಾಡಿಯದಲ್ಲಮ್ಮ, ನಿಮ್ಮದು ಎಂದ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಕೋಡಿಯ ತಗ್ಗನ್ನು ಇಳಿದು ಹತ್ತುವವರೆಗೆ ವ್ಯಾನಿನಲ್ಲಿ ಎಲ್ಲರೂ ಸೀಟು ಬಿಗಿಯಾಗಿ ಹಿಡಿದು ಕೂತಿದ್ದರು. ಬಸ್ ರಸ್ತೆ ಸಿಕ್ಕಿ, ಬಂಗಾರಪೇಟೆಯೂ ಕಳೆದು, ಕೆ.ಜಿ.ಎಫ್. ರಸ್ತೆಗೆ ಬಿದ್ದ ಮೇಲೆ ಹಿಂದಿನ ಸೀಟುಗಳಲ್ಲಿ ಎಲೆ ಅಡಿಕೆ ಚೀಲ ಬಿಚ್ಚಿಕೊಂಡವು. ಇಂಜಿನ್ನಿನ ಸದ್ದು, ಮುದುಕರ ಮಾತು, ತಗಡಿನ ಕಟಕಟ. ಆ ಗಲಾಟೆಯಲ್ಲಿ ಸಣ್ಣಗೆ ಬಿಟ್ಟು ಬಿಟ್ಟು ಬರುತ್ತಿದ್ದ ಇನ್ನೊಂದು ಸದ್ದು ಬಚ್ಚಪ್ಪನ ಕಿವಿಗೂ ಬೀಳಲಿಲ್ಲ, ಪೆರುಮಾಳ್‌ನ ಕಿವಿಗೂ ಬೀಳಲಿಲ್ಲ.

“ಲೇ ಬಚ್ಚ, ಅಸು ಕೂಗ್ತೈತೆ ಕಣ್ಲಾ,” ಎಂದಳು ಅಕ್ಕಯ್ಯಮ್ಮ.

ಪೆರುಮಾಳ್ ಮುಂದಕ್ಕೆ ಬಗ್ಗಿ ನೋಡಿದ. ಮೊದಲನೇ ಮೀಟರಿನ ಮುಳ್ಳು ಏಳುತ್ತಿತ್ತು, ಬೀಳುತ್ತಿತ್ತು. ಡೈನಮೋ ತಿರುಗಿಸುವ ಬೆಲ್ಟು ಜಾರುತ್ತಿದೆ ಎಂದು ಗೊತ್ತಾಯಿತು. ಕಾರ್ಬನ್ ಹೊಸದು ಹಾಕಿದ್ದ, ಬೆಲ್ಟು ಹಳೆಯದನ್ನೇ ಬಿಟ್ಟಿದ್ದ. ಬಿಗಿ ಮಾಡಲು ಹತ್ತು ನಿಮಿಷ ಸಾಕು. ಆದರೆ ಇಂಜಿನ್ ಆರಿಸಬೇಕು.

ಬಚ್ಚಪ್ಪ ಆರಿಸುವುದಿಲ್ಲ ಎಂದ. ಗಂಟೆ ಎಂಟು, ಇನ್ನು ಐದಾರು ಮೈಲಿ, ಹೇಗೋ ಹೋಗಿಬಿಡೋಣ, ಮತ್ತೆ ಆ ‘ಟಕ್’ ಕೇಳುವ ಶಕ್ತಿ ನನಗಿಲ್ಲ ಎಂದ. ಪೆರುಮಾಳ್ ಎರಡನೇ ಮೀಟರು ತೋರಿಸಿದ. ಮುಳ್ಳು ಹಸಿರು ಗೆರೆಯ ಮೇಲಿತ್ತು. ಬೆಲ್ಟು ಈಗಷ್ಟೇ ಜಾರಲು ಶುರುವಾಗಿದೆ, ಒಳಗೆ ಇನ್ನೂ ಬೇಕಾದಷ್ಟಿದೆ, ಹೀಗೇ ಓಡಿಸಿ ಬೆಲ್ಟು ಕಿತ್ತು ಹೋದರೆ ಫ್ಯಾನೂ ನಿಂತು ಇಂಜಿನ್ನೇ ಕಾದು ನಡುದಾರಿಯಲ್ಲಿ ನಿಲ್ಲುತ್ತದೆ ಎಂದ. ಹೋದ ಸಲವೂ ಅವನು ಹೀಗೇ ಭರವಸೆ ಕೊಟ್ಟಿದ್ದ. ಬಚ್ಚಪ್ಪ ಸ್ಟಿಯರಿಂಗ್ ಹಿಡಿದುಕೊಂಡು ಮುಂದೆ ನೋಡುತ್ತಲೇ ಇದ್ದ. ಬಜರು ಈಗ ನಿಲ್ಲದೆ ಕೂಗತೊಡಗಿತು.

“ಆರ್ಸು. ಅವತ್ತು ಮೂಕ ಮುಳ್ಳನ್ನ ನಂಬಿದ್ವಿ. ಇವತ್ತು ಇದು ಬಾಯಿ ಬಿಟ್ಟು ಏಳ್ತಾ ಐತೆ,” ಎಂದಳು ಅಕ್ಕಯ್ಯಮ್ಮ.

ಬಚ್ಚಪ್ಪ ಗಾಡಿಯನ್ನು ಬದಿಗೆ ತೆಗೆದು ಆರಿಸಿದ. ಏಕದಂ ಎಲ್ಲ ನಿಶ್ಶಬ್ದವಾಯಿತು. ಪೆರುಮಾಳ್ ಸ್ಪ್ಯಾನರು ಹಿಡಿದು ಬಾನೆಟ್ಟಿನೊಳಗೆ ತಲೆ ಹಾಕಿದ. ಬಿಸಿ ಇಂಜಿನ್ನಿಗೆ ಮೊಣಕೈ ತಾಗಿ ಚರ್ಮ ಸುಲಿದದ್ದು ಅವನಿಗೆ ಸಂಜೆ ಗೊತ್ತಾಯಿತು. ಡೈನಮೋವನ್ನು ಹೊರಕ್ಕೆ ಎಳೆದು, ಬೆಲ್ಟು ಬಿಗಿ ಮಾಡಿ, ನಟ್ಟು ತಿರುಗಿಸಿ, ಬಾನೆಟ್ ಹಾಕಿ, ಬಚ್ಚಪ್ಪನಿಗೆ ಕೈ ತೋರಿಸಿದ. ರಸ್ತೆಯಲ್ಲೇ ನಿಂತು ಕಣ್ಣು ಮುಚ್ಚಿಕೊಂಡ. ಗುಂಯ್ ಎಂದಿತು ಬಜರು. ಸೆಲ್ಫ್ ಒಂದೇ ಏಟಿಗೆ ತಿರುಗಿತು, ಇಂಜಿನ್ ಹತ್ತಿತು, ಬಜರು ಬಾಯಿ ಮುಚ್ಚಿತು. ವ್ಯಾನಿನೊಳಗೆ ಹತ್ತೂ ಮುದುಕರು ಒಟ್ಟಿಗೆ ‘ಗೋವಿಂದಾ’ ಎಂದು ಕೂಗಿದರು. ಎಂಟೂ ಮುಕ್ಕಾಲಿಗೆ ಶಾಲೆಯ ಗೇಟಿನಲ್ಲಿದ್ದರು. ಹೆಸರಿನ ಪಟ್ಟಿಯಲ್ಲಿ ಅಕ್ಕಯ್ಯಮ್ಮ ಏಳನೆಯವಳು.

ಎಡಗಣ್ಣಿಗೆ ಆಪರೇಷನ್ ಆಯಿತು. ಪೊರೆ ಒಡೆದಿರಲಿಲ್ಲ. ಆದರೆ ಬಹಳ ಹಣ್ಣಾಗಿತ್ತು, ಕನ್ನಡಕ ಹಾಕುವವರೆಗೆ ಎಷ್ಟು ಕಾಣುತ್ತದೆಂದು ಹೇಳಲಾರೆ ಎಂದರು ಡಾಕ್ಟರು. ಕನ್ನಡಕಕ್ಕೆ ಆರು ವಾರ. ಆ ಆರು ವಾರ ಪೆರುಮಾಳ್ ಅಂಗಡಿಯಲ್ಲಿ ಕೆಲಸವೇನೋ ಮಾಡಿದ, ಆದರೆ ವಾಪಸು ಬಂದ ಬಿಲ್ಲೆಗಳನ್ನು ನೇತುಹಾಕುವ ಗೋಡೆಯ ಹಲಗೆಯಲ್ಲಿ ಎಂಟರ ಮತ್ತು ಹತ್ತರ ಮಧ್ಯೆ ಖಾಲಿಯಿದ್ದ ಮೊಳೆಯನ್ನು ದಿನಕ್ಕೆ ಹತ್ತು ಸಲ ನೋಡುತ್ತಿದ್ದ. ಒಂಬತ್ತನೇ ದಿನಕ್ಕೆ ಸೈಕಲ್ ಹತ್ತುವ ಮನುಷ್ಯ ಈ ಸಲ ಹತ್ತಲಿಲ್ಲ. ಹೋಗಿ ಏನೆಂದು ಕೇಳುವುದು? ಕಾಣುತ್ತದಾ ಎಂದು ಕೇಳಲು ಅವನಿಗೆ ಭಯ.

ಯುಗಾದಿ ಕಳೆದು ನಾಲ್ಕು ದಿನಕ್ಕೆ ವ್ಯಾನು ಅಂಗಡಿಯ ಮುಂದೆ ನಿಂತಿತು. ಅಕ್ಕಯ್ಯಮ್ಮ ಇಳಿದಳು. ದಪ್ಪ ಗಾಜಿನ ಕನ್ನಡಕ, ಅದರ ಹಿಂದೆ ಕಣ್ಣು ಬೋಂಡದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಬಚ್ಚಪ್ಪ ಕೈ ಹಿಡಿಯಲು ಬಂದರೆ ತಳ್ಳಿದಳು. ಚರಂಡಿಯ ಕಲ್ಲನ್ನು ನೋಡಿಕೊಂಡು ದಾಟಿ, ಒಳಗೆ ಬಂದು, ಪೆರುಮಾಳ್‌ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಮಾತು ಕೇಳಿ ಆರಡಿ ಆಳು ಅಂದುಕೊಂಡಿದ್ದೆ, ನೀನು ಇಷ್ಟೇನಾ ಎಂದಳು. ಪೆರುಮಾಳ್‌ಗೆ ಸ್ಟೂಲು ಹಾಕಬೇಕೆಂಬುದೂ ಹೊಳೆಯಲಿಲ್ಲ, ಬೆಪ್ಪನ ಹಾಗೆ ನಿಂತಿದ್ದ. ಅವಳು ಸೆರಗಿನ ಗಂಟು ಬಿಚ್ಚಿ ತಗಡಿನ ಬಿಲ್ಲೆ ತೆಗೆದಳು.

“ತಗೊಳಪ್ಪ ನಿನ್ ಬಿಲ್ಲೆ. ಮ್ಯಾಲೆ ಬಂದೆ,” ಎಂದಳು.

ಪೆರುಮಾಳ್ ಅದನ್ನು ಇಸಕೊಂಡು ಹಲಗೆಯ ಕಡೆ ತಿರುಗಿದ. ನಾಲ್ಕೈದು ವರ್ಷದಿಂದ ದಿನಾ ನೋಡಿದ ಹಲಗೆ, ಆರು ವಾರದಿಂದ ನೋಡಿ ನೋಡಿ ಬೇಸತ್ತ ಮೊಳೆ. ಕಣ್ಣು ತುಂಬಿ ಬಂದು ಎಲ್ಲಾ ಮಸುಕಾಯಿತು, ಬಿಲ್ಲೆ ಹಿಡಿದ ಕೈ ಬರೀ ಹಲಗೆಯ ಮೇಲೆ ತಡಕಾಡಿತು. ಒಂದು ಸಲ ಹತ್ತರ ಮೇಲೆ ಹೋಯಿತು, ಇನ್ನೊಂದು ಸಲ ಎಲ್ಲಿಗೋ ಹೋಯಿತು. ಅಕ್ಕಯ್ಯಮ್ಮ ಹಿಂದೆ ನಿಂತು ಕನ್ನಡಕ ಸರಿಮಾಡಿಕೊಂಡಳು.

“ಅಲ್ಲಲ್ಲ, ಇನ್ನೊಂಚೂರು ಎಡಕ್ಕೆ,” ಎಂದಳು. “ಊಂ, ಅಲ್ಲೇ.”